ಕಾರಣ ಗೊತ್ತಿಲ್ಲದ ಜ್ಞಾನ

ಕೆಸುವಿನ ಎಲೆಯಿಂದ ಪತ್ರೊಡೆ ಮಾಡುವ ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ ಎಲೆಗೆ ಸವರುವ ಹಿಟ್ಟಿಗೆ ಹುಣಸೆಹುಳಿಯನ್ನು ಧಾರಾಳವಾಗಿ ಹಾಕುವುದು ರೂಢಿ. ಏಕೆಂದು ಕೇಳಿದರೆ, ಹುಳಿ ಸಾಲದಿದ್ದರೆ ಗಂಟಲು ತುರಿಸುತ್ತದೆ ಎಂಬ ಉತ್ತರ ಒಡನೆ ಬರುತ್ತದೆ. ಎಲೆಯೊಳಗೆ ಸೂಜಿಯಾಕಾರದ ಆಕ್ಸಲೇಟ್ ಹರಳುಗಳಿವೆ ಎಂಬುದು ತಿಳಿಯದಿದ್ದರೂ, ತಪ್ಪಿನ ಫಲ ಅದೇ ಊಟದಲ್ಲಿ ಅನುಭವಕ್ಕೆ ಬರುವುದರಿಂದ ಪಾಠ ಯಾರಿಗೂ ಮರೆಯುವುದಿಲ್ಲ. ಆದರೆ ಅದೇ ಅಡುಗೆಮನೆಗಳಲ್ಲಿ ಇಂಥ ಉತ್ತರವಿಲ್ಲದ ಕ್ರಮಗಳೂ ಹಲವಿವೆ. ಯಾವುದನ್ನು ಎಷ್ಟು ಹೊತ್ತು ನೆನೆಹಾಕಬೇಕು, ಬೇಯಿಸಿದ ಯಾವ ನೀರನ್ನು ಚೆಲ್ಲಬೇಕು, ಯಾವುದರೊಂದಿಗೆ ಯಾವುದನ್ನು ತಿನ್ನಬಾರದು ಎಂಬುದಕ್ಕೆಲ್ಲ 'ಮೊದಲಿನಿಂದಲೂ ಹೀಗೇ' ಎಂಬುದಕ್ಕಿಂತ ಹೆಚ್ಚಿನ ವಿವರಣೆ ಸಿಗುವುದು ಅಪರೂಪ.

ಕಾರಣ ಹೇಳಲಾಗದ ಕ್ರಮವೊಂದನ್ನು ತಲೆಮಾರುಗಳಿಂದ ತಪ್ಪದೆ ಪಾಲಿಸುತ್ತ ಬಂದವರಿಗೆ ಏನಾದರೂ ಗೊತ್ತಿದೆ ಎನ್ನಬಹುದೇ? ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳು ಚಾಲ್ತಿಯಲ್ಲಿವೆ. ಕಾರಣ ಗೊತ್ತಿಲ್ಲದ್ದೆಲ್ಲ ಕುರುಡು ನಂಬಿಕೆ ಎಂಬುದು ಒಂದು. ಹಿರಿಯರಿಗೆ ಎಲ್ಲ ಕಾರಣಗಳೂ ಗೊತ್ತಿದ್ದವು, ನಾವು ಮರೆತೆವು ಎಂಬುದು ಮತ್ತೊಂದು. ಎರಡೂ ಸುಲಭದ ಉತ್ತರಗಳು, ಮತ್ತು ಎರಡೂ ತಪ್ಪು.

ಪ್ರಶ್ನೆಯೇನೋ ಹಳೆಯದು. ಗ್ರೀಸಿನ ಪ್ಲೇಟೋ ತನ್ನ 'ಮೆನೊ' ಎಂಬ ಸಂವಾದದಲ್ಲಿ, ಲರಿಸ್ಸಾ ಎಂಬ ಊರಿನ ದಾರಿಯನ್ನು ಚೆನ್ನಾಗಿ ಬಲ್ಲವನೂ, ಬಲ್ಲವನಲ್ಲದಿದ್ದರೂ ಸರಿಯಾಗಿ ಊಹಿಸಿದವನೂ ಅದೇ ಊರನ್ನು ತಲುಪುತ್ತಾರಾದರೆ, ಜ್ಞಾನಕ್ಕೆ ಸರಿಯಾದ ಊಹೆಗಿಂತ ಹೆಚ್ಚಿನ ಬೆಲೆ ಏಕೆ ಎಂಬ ಚರ್ಚೆಯನ್ನು ಎತ್ತಿದ್ದಾನೆ. ಸರಿಯಾದ ಊಹೆ ಒಂದೆಡೆ ನಿಲ್ಲುವುದಿಲ್ಲ, ಕಾರಣದಿಂದ ಕಟ್ಟಿಹಾಕಿದಾಗಲೇ ಅದು ಜ್ಞಾನವಾಗಿ ನೆಲೆ ನಿಲ್ಲುತ್ತದೆ ಎಂಬುದು ಅಲ್ಲಿ ಬರುವ ಪರಿಹಾರದ ಸಾರ. ತತ್ತ್ವಶಾಸ್ತ್ರದ ಪುಸ್ತಕಗಳಲ್ಲಿ ಇದೊಂದು ಸೂಕ್ಷ್ಮ ವಾದವಾಗಿ ಉಳಿದಿದೆ. ಆದರೆ ಇತಿಹಾಸ ಅದೇ ವಾದವನ್ನು ಒಮ್ಮೆ ನಿಜವಾದ ಜನರ ಮೇಲೆ, ಮೂರು ಖಂಡಗಳ ವಿಸ್ತಾರದಲ್ಲಿ, ಲಕ್ಷಾಂತರ ಪ್ರಾಣಗಳನ್ನು ಪಣಕ್ಕಿಟ್ಟು ಪರೀಕ್ಷಿಸಿದೆ. ಆ ಪರೀಕ್ಷೆಯ ಸಾಮಗ್ರಿ ಮೆಕ್ಕೆಜೋಳ.

ಒಂದೇ ಕಾಳು, ಎರಡು ಗತಿ

ಮುಸುಕಿನ ಜೋಳ, ಗೋವಿನಜೋಳ ಎಂದೂ ಕರೆಯಲಾಗುವ ಮೆಕ್ಕೆಜೋಳ ಮೂಲತಃ ಮೆಕ್ಸಿಕೋದ ಬೆಳೆ. ಸುಮಾರು 9000 ವರ್ಷಗಳ ಹಿಂದೆ ಅಲ್ಲಿನ ನೈರುತ್ಯ ಭಾಗದ ಜನ ಟಿಯೊಸಿಂಟೆ ಎಂಬ ಕಾಡುಹುಲ್ಲನ್ನು ಪಳಗಿಸಿ ಈ ಬೆಳೆಯನ್ನು ಪಡೆದರು. ಮೆಕ್ಸಿಕೋ ಮತ್ತು ಗ್ವಾಟೆಮಾಲಾದ ಸಾಂಪ್ರದಾಯಿಕ ಅಡುಗೆಯಲ್ಲಿ ರೊಟ್ಟಿಗೆಂದು ಒಣ ಮೆಕ್ಕೆಜೋಳವನ್ನು ನೇರವಾಗಿ ಬೀಸುವ ಪದ್ಧತಿಯಿಲ್ಲ. ಕಾಳಿನ ತೂಕದ ನೂರಕ್ಕೆ ಒಂದು ಪಾಲಿನಷ್ಟು ಸುಣ್ಣವನ್ನು ನೀರಿಗೆ ಬೆರೆಸಿ, ಆ ನೀರಿನಲ್ಲಿ ಕಾಳನ್ನು ಬೇಯಿಸಿ, ರಾತ್ರಿಯಿಡೀ ಅಲ್ಲೇ ಬಿಟ್ಟು, ಬೆಳಗ್ಗೆ ಆ ನೀರನ್ನು ಚೆಲ್ಲಿ, ಸಡಿಲವಾದ ಸಿಪ್ಪೆ ಹೋಗುವಂತೆ ತೊಳೆದು, ಬಳಿಕ ಇಳಿಜಾರಾದ ಕಲ್ಲಿನ ಮೇಲೆ ಅರೆದು ಹಿಟ್ಟಿನ ಮುದ್ದೆ ಮಾಡಿ, ಅದರಿಂದ ಟೋರ್ಟಿಯಾ ಎಂಬ ತೆಳು ರೊಟ್ಟಿಯನ್ನು ತಟ್ಟುತ್ತಾರೆ. ಸುಣ್ಣ ಸಿಗದ ಕಡೆ ಸೌದೆಯ ಬೂದಿಯನ್ನು ಬಳಸುವ ಪದ್ಧತಿ ಉತ್ತರ ಅಮೆರಿಕದ ಹಲವು ಮೂಲನಿವಾಸಿ ಸಮುದಾಯಗಳಲ್ಲಿತ್ತು. ನಿಕ್ಸ್ಟಮಲ್ ಎಂದು ಹೆಸರಾದ ಈ ಸಂಸ್ಕರಣೆಗೆ ಮೂರು ಸಾವಿರ ವರ್ಷಗಳಿಗೂ ಮಿಕ್ಕ ಇತಿಹಾಸವಿದೆ ಎಂಬುದು ಪುರಾತತ್ತ್ವದ ಅಂದಾಜು.

1490ರ ದಶಕದಲ್ಲಿ ಕೊಲಂಬಸನ ಹಡಗುಗಳ ಮೂಲಕ ಮೆಕ್ಕೆಜೋಳ ಸ್ಪೇನಿಗೆ ಬಂದಿಳಿಯಿತು. ಹೆಚ್ಚು ಇಳುವರಿ ಕೊಡುವ, ಬಡ ನೆಲದಲ್ಲೂ ಬೆಳೆಯುವ ಈ ಕಾಳು ಮುಂದಿನ ಎರಡು ಶತಮಾನಗಳಲ್ಲಿ ಉತ್ತರ ಸ್ಪೇನ್, ಉತ್ತರ ಇಟಲಿ, ದಕ್ಷಿಣ ಫ್ರಾನ್ಸ್ ಮತ್ತು ರೊಮೇನಿಯಾ ಪ್ರದೇಶದ ಬಡವರ ಮುಖ್ಯ ಆಹಾರವಾಯಿತು. ಕಾಳು ಬಂತು, ಬಿತ್ತುವ ವಿಧಾನ ಬಂತು; ಸುಣ್ಣದ ನೀರು ಮಾತ್ರ ಬರಲಿಲ್ಲ. ಯುರೋಪಿನಲ್ಲಿ ಆಗಲೇ ನೀರಿನಿಂದಲೂ ಗಾಳಿಯಿಂದಲೂ ತಿರುಗುವ ದೊಡ್ಡ ಬೀಸುವ ಯಂತ್ರಗಳಿದ್ದವು. ಗಟ್ಟಿ ಕಾಳನ್ನು ಹಾಗೇ ಪುಡಿಮಾಡಬಲ್ಲವರಿಗೆ, ಸಿಪ್ಪೆ ಬಿಡಿಸಲು ಒಂದು ರಾತ್ರಿ ನೆನೆಹಾಕುವ ಕೆಲಸ ಅನಗತ್ಯವಾಗಿಯೇ ತೋರುವಂತಿತ್ತು.

1735ರಲ್ಲಿ ಸ್ಪೇನಿನ ಓವಿಯೆಡೊದ ವೈದ್ಯ ಗ್ಯಾಸ್ಪರ್ ಕಸಾಲ್ ಅಲ್ಲಿನ ಬಡ ರೈತರಲ್ಲಿ ಕಂಡ ಹೊಸ ರೋಗವೊಂದನ್ನು ವಿವರಿಸಿದ. ಬಿಸಿಲು ತಾಗುವ ಕೈ, ಕಾಲು, ಕೊರಳುಗಳ ಚರ್ಮ ಕೆಂಪಾಗಿ, ಬಳಿಕ ಕಪ್ಪಾಗಿ ಒರಟಾಗುತ್ತಿತ್ತು. ಕೊರಳ ಸುತ್ತ ಹಾರದ ಹಾಗೆ ಮೂಡುವ ಕಲೆಗೆ ಇಂದಿಗೂ ವೈದ್ಯಕೀಯದಲ್ಲಿ ಆತನದೇ ಹೆಸರಿದೆ. ಚರ್ಮದ ನಂತರ ನಿಲ್ಲದ ಭೇದಿ, ಅದರ ನಂತರ ಬುದ್ಧಿಭ್ರಮಣೆ, ಕೊನೆಗೆ ಸಾವು. 1771ರಲ್ಲಿ ಇಟಲಿಯ ಫ್ರಾಪೊಲಿ ಬಳಕೆಗೆ ತಂದ ಪೆಲಾಗ್ರ ಎಂಬ ಹೆಸರೇ ಈ ರೋಗಕ್ಕೆ ನಿಂತಿತು. 1880ರ ದಶಕದ ವೇಳೆಗೆ ಇಟಲಿಯೊಂದರಲ್ಲೇ ಸುಮಾರು 1 ಲಕ್ಷ ಜನ ಇದರಿಂದ ನರಳುತ್ತಿದ್ದರು. ಮೆಕ್ಕೆಜೋಳವನ್ನೇ ನೆಚ್ಚಿ ಸಾವಿರಾರು ವರ್ಷ ಬಾಳಿದ ಮೆಕ್ಸಿಕೋದಲ್ಲಿ ಈ ಪ್ರಮಾಣದ ಪಿಡುಗು ಇರಲಿಲ್ಲ.

ವಿಷದ ಹುಡುಕಾಟ

ಮೆಕ್ಕೆಜೋಳಕ್ಕೂ ಪೆಲಾಗ್ರಕ್ಕೂ ನಂಟಿದೆ ಎಂಬುದನ್ನು ಯುರೋಪಿನ ವೈದ್ಯರು ಬೇಗನೆ ಗಮನಿಸಿದ್ದರು. ಆದರೆ ನಂಟು ಯಾವ ಬಗೆಯದು ಎಂಬಲ್ಲಿ ದಾರಿ ತಪ್ಪಿತು. ಆಹಾರದಿಂದ ಕೆಡುಕಾಗಿದೆ ಎಂದರೆ ಆಹಾರದಲ್ಲಿ ಏನೋ ಕೆಟ್ಟದ್ದು ಇದೆ ಎಂದೇ ಮನಸ್ಸು ಮೊದಲು ಯೋಚಿಸುತ್ತದೆ. ಏನೋ ಇಲ್ಲ ಎಂದು ಯೋಚಿಸುವುದು ಅದಕ್ಕೆ ಅಷ್ಟು ಸಹಜವಲ್ಲ. ಇಟಲಿಯ ಲೊಂಬ್ರೊಸೊ ಬೂಷ್ಟು ಹಿಡಿದ ಮೆಕ್ಕೆಜೋಳದಲ್ಲಿ ಹುಟ್ಟುವ ವಿಷವೇ ಕಾರಣವೆಂದು ದಶಕಗಳ ಕಾಲ ವಾದಿಸಿದ. ಸೂಕ್ಷ್ಮಜೀವಿಗಳ ಸಿದ್ಧಾಂತ ವೈದ್ಯಕೀಯವನ್ನು ಆಳತೊಡಗಿದ ಮೇಲೆ ಪೆಲಾಗ್ರಕ್ಕೂ ಒಂದು ರೋಗಾಣುವಿರಬೇಕೆಂಬ ಹುಡುಕಾಟ ನಡೆಯಿತು, ಕಚ್ಚುವ ನೊಣವೊಂದರ ಮೇಲೂ ಅಪವಾದ ಬಂತು.

1900ರ ನಂತರ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಈ ರೋಗ ಏಕಾಏಕಿ ಉಲ್ಬಣಿಸಿತು. 1906ರಲ್ಲಿ ಅಲಬಾಮಾದ ಮಾನಸಿಕ ಆಸ್ಪತ್ರೆಯೊಂದರಲ್ಲಿ 88 ಮಂದಿಗೆ ಪೆಲಾಗ್ರ ತಗುಲಿ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸತ್ತರು. ಮುಂದಿನ ನಾಲ್ಕು ದಶಕಗಳಲ್ಲಿ ಆ ದೇಶದಲ್ಲಿ ಸುಮಾರು 30 ಲಕ್ಷ ಜನ ರೋಗಕ್ಕೆ ತುತ್ತಾಗಿ, 1 ಲಕ್ಷದಷ್ಟು ಜನ ತೀರಿಕೊಂಡರೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಲೆಕ್ಕ. ಹತ್ತಿ ಬೆಳೆಯುವ ಗೇಣಿದಾರರು, ಹತ್ತಿ ಗಿರಣಿಯ ಕೂಲಿಗಳು, ಅನಾಥಾಲಯದ ಮಕ್ಕಳು, ಜೈಲಿನ ಕೈದಿಗಳು ಇದರ ಬಲಿಗಳು. ಮೆಕ್ಕೆಜೋಳದ ಹಿಟ್ಟು, ಹಂದಿಯ ಕೊಬ್ಬು ಮತ್ತು ಕಾಕಂಬಿ ಇವೇ ಇವರ ನಿತ್ಯದ ಊಟ. ಅದೇ ಕಾಲಕ್ಕೆ ಕಾಳಿನ ಮೊಳಕೆಯ ಭಾಗವನ್ನು ಬೇರ್ಪಡಿಸಿ ಬೀಸುವ ಹೊಸ ಗಿರಣಿಗಳು ಬಂದಿದ್ದರಿಂದ, ಹಿಟ್ಟು ಹೆಚ್ಚು ದಿನ ಕೆಡದೆ ರೈಲಿನಲ್ಲಿ ದೂರದೂರಿಗೆ ಹೋಗುವಂತಾಗಿ, ಅದರೊಳಗೆ ಉಳಿದಿದ್ದ ಅಲ್ಪಸ್ವಲ್ಪ ಸತ್ವವೂ ಗಿರಣಿಯಲ್ಲೇ ಉಳಿಯಿತು.

ನೌಕರರಿಗೇಕೆ ಬರಲಿಲ್ಲ?

1914ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆ ಈ ರೋಗದ ತನಿಖೆಯನ್ನು ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯನಿಗೆ ವಹಿಸಿತು. ಆಸ್ಟ್ರಿಯಾ-ಹಂಗೇರಿಯಿಂದ ವಲಸೆ ಬಂದು ನ್ಯೂಯಾರ್ಕಿನಲ್ಲಿ ಬೆಳೆದ ಈತ ಅದುವರೆಗೆ ಅಂಟುರೋಗಗಳ ಜಾಡು ಹಿಡಿಯುವುದರಲ್ಲಿ ಹೆಸರು ಮಾಡಿದ್ದವನು. ಹಾಗಿದ್ದೂ ಆತನ ಗಮನಕ್ಕೆ ಮೊದಲು ಬಂದದ್ದು ರೋಗ ಅಂಟದಿರುವ ಸಂಗತಿ. ಮಾನಸಿಕ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಪೆಲಾಗ್ರ ಬರುತ್ತಿತ್ತು, ಹಗಲಿರುಳು ಅವರೊಂದಿಗೇ ಇರುವ ದಾದಿಯರಿಗೂ ನೌಕರರಿಗೂ ಬರುತ್ತಿರಲಿಲ್ಲ. ಮಿಸಿಸಿಪ್ಪಿಯ ಅನಾಥಾಲಯಗಳಲ್ಲಿ ಆರರಿಂದ ಹನ್ನೆರಡು ವಯಸ್ಸಿನ ಮಕ್ಕಳಿಗೆ ಬರುತ್ತಿತ್ತು. ಹಾಲು ಪಡೆಯುತ್ತಿದ್ದ ಎಳೆಯರಿಗೂ, ದುಡಿಯುವವರೆಂದು ಒಂದಿಷ್ಟು ಮಾಂಸ ಪಡೆಯುತ್ತಿದ್ದ ದೊಡ್ಡವರಿಗೂ ಬರುತ್ತಿರಲಿಲ್ಲ. ರೋಗಾಣುವಿಗೆ ಇಷ್ಟು ಅಚ್ಚುಕಟ್ಟಾಗಿ ವಯಸ್ಸು, ಹುದ್ದೆಗಳನ್ನು ನೋಡಿ ಆರಿಸಿಕೊಳ್ಳುವ ಶಕ್ತಿ ಇರುವುದು ಸಾಧ್ಯವಿಲ್ಲ.

ಅನಾಥಾಲಯಗಳಿಗೆ ಹಾಲು, ಮೊಟ್ಟೆ, ಮಾಂಸ, ಕಾಳುಗಳನ್ನು ಒದಗಿಸಿದ ಮೇಲೆ ಪೆಲಾಗ್ರ ಅಲ್ಲಿಂದ ಕಾಲ್ತೆಗೆಯಿತು. 1915ರಲ್ಲಿ ಮಿಸಿಸಿಪ್ಪಿಯ ರ್‍ಯಾಂಕಿನ್ ಜೈಲು ತೋಟದಲ್ಲಿ, ಬಿಡುಗಡೆಯ ಭರವಸೆಯ ಮೇಲೆ ಮುಂದೆ ಬಂದ ಕೈದಿಗಳಿಗೆ ಬಡವರ ಊಟವನ್ನೇ ಕೊಟ್ಟು ನೋಡಲಾಯಿತು. ಕೊನೆಯವರೆಗೆ ಉಳಿದ ಹನ್ನೊಂದು ಮಂದಿಯಲ್ಲಿ ಆರು ಮಂದಿಗೆ ಪೆಲಾಗ್ರ ಕಾಣಿಸಿಕೊಂಡಿತು. ಇಂದಿನ ಯಾವ ನೈತಿಕ ಸಮಿತಿಯೂ ಒಪ್ಪದ ಪ್ರಯೋಗವಿದು, ಮತ್ತು ಒಪ್ಪದಿರುವುದೇ ಸರಿ. ಆದರೆ ಅದರಲ್ಲಿ ಗಮನಿಸಬೇಕಾದ ಅಂಶವೊಂದಿದೆ: ಊಟ ಬದಲಾದದ್ದಕ್ಕೂ ಚರ್ಮದ ಮೇಲೆ ಗುರುತು ಕಂಡದ್ದಕ್ಕೂ ನಡುವೆ ಸುಮಾರು ಐದು ತಿಂಗಳು ಕಳೆದಿದ್ದವು. ಕೆಸುವಿನೆಲೆಯ ತುರಿಕೆ ನಿಮಿಷಗಳಲ್ಲಿ ಬರುತ್ತದೆ. ಐದು ತಿಂಗಳ ಹಿಂದೆ ಬಿಟ್ಟುಹೋದ ಪದಾರ್ಥವನ್ನು ಇಂದಿನ ಕಲೆಯೊಂದಿಗೆ ಜೋಡಿಸುವುದು ಯಾವ ಅಡುಗೆಮನೆಗೂ ಆಗದ ಕೆಲಸ.

ಟೀಕಾಕಾರರು ರೋಗಾಣುವಿನ ವಾದವನ್ನು ಬಿಡಲಿಲ್ಲ. 1916ರಲ್ಲಿ ಗೋಲ್ಡ್‌ಬರ್ಗರ್, ಆತನ ಹೆಂಡತಿ ಮೇರಿ ಹಾಗೂ ಸಹೋದ್ಯೋಗಿಗಳು ರೋಗಿಗಳ ರಕ್ತವನ್ನು ಚುಚ್ಚಿಸಿಕೊಂಡರು. ಕೆಲವರು ರೋಗಿಗಳ ಚರ್ಮದ ಹಕ್ಕಳೆ ಮತ್ತು ಮಲಮೂತ್ರಗಳನ್ನು ಹಿಟ್ಟಿನಲ್ಲಿ ಕಲಸಿ ನುಂಗಿದರು. ಒಬ್ಬರಿಗೂ ಪೆಲಾಗ್ರ ಬರಲಿಲ್ಲ. ಮುಂದೆ ಬೇಕರಿ-ಬಿಯರ್ ತಯಾರಿಕೆಯ ಅಗ್ಗದ ಯೀಸ್ಟ್ ಈ ರೋಗವನ್ನು ತಡೆಯುತ್ತದೆಂಬುದನ್ನೂ ಆತನೇ ತೋರಿಸಿದ. ಆದರೆ ಯೀಸ್ಟಿನೊಳಗಿನ ಯಾವ ವಸ್ತು ಎಂಬುದು ತಿಳಿಯುವ ಮೊದಲೇ, 1929ರಲ್ಲಿ ತೀರಿಕೊಂಡ.

ಬೀಗ ಹಾಕಿದ ಹುಂಡಿ

ಆ ವಸ್ತು 1937ರಲ್ಲಿ ಸಿಕ್ಕಿತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾನ್ರಾಡ್ ಎಲ್ವೆಹೆಮ್, ಪೆಲಾಗ್ರವನ್ನು ಹೋಲುವ ನಾಯಿಗಳ ರೋಗವೊಂದು ನಿಕೊಟಿನಿಕ್ ಆಮ್ಲದಿಂದ ವಾಸಿಯಾಗುತ್ತದೆಂದು ಕಂಡುಹಿಡಿದ. ವಿಚಿತ್ರವೆಂದರೆ ಈ ಆಮ್ಲ ರಸಾಯನಶಾಸ್ತ್ರಕ್ಕೆ ಹೊಸದೇನಲ್ಲ. ಹೊಗೆಸೊಪ್ಪಿನ ನಿಕೊಟಿನ್‌ನಿಂದ ಅದನ್ನು 19ನೇ ಶತಮಾನದಲ್ಲೇ ತಯಾರಿಸಲಾಗಿತ್ತು. 1910ರ ದಶಕದ ಆರಂಭದಲ್ಲಿ ಕ್ಯಾಸಿಮಿರ್ ಫಂಕ್ ಬೆರಿಬೆರಿ ರೋಗಕ್ಕೆ ಮದ್ದು ಹುಡುಕುತ್ತ ಅಕ್ಕಿಯ ತೌಡಿನಿಂದ ಇದನ್ನು ಬೇರ್ಪಡಿಸಿಯೂ ಇದ್ದ. ಬೆರಿಬೆರಿಗೆ ಅದು ನಾಟದ್ದರಿಂದ ಬದಿಗಿಟ್ಟ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಜನ ಸಾಯುತ್ತಿದ್ದ ಅಷ್ಟೂ ವರ್ಷ ಅವರ ಮದ್ದು ಪ್ರಯೋಗಾಲಯದ ಸೀಸೆಗಳಲ್ಲಿ, ಹೆಸರಿನ ಚೀಟಿ ಅಂಟಿಸಿಕೊಂಡು ಕುಳಿತಿತ್ತು. ವಸ್ತುವನ್ನು ಬಲ್ಲವರು ಇದ್ದರು, ರೋಗವನ್ನು ಬಲ್ಲವರೂ ಇದ್ದರು. ಎರಡೂ ತಿಳಿವಳಿಕೆಗಳು ಒಂದು ತಲೆಯೊಳಗೆ ಸೇರಿರಲಿಲ್ಲ.

ಹೊಗೆಸೊಪ್ಪಿನ ನೆನಪು ತರುವ ಹೆಸರು ಬೇಡವೆಂದು ನಂತರ ಇದನ್ನು ನಯಾಸಿನ್ ಎಂದು ಕರೆಯಲಾಯಿತು. ದೇಹದ ಪ್ರತಿಯೊಂದು ಜೀವಕೋಶವೂ ಆಹಾರದಿಂದ ಶಕ್ತಿ ಹೊರತೆಗೆಯುವಾಗ ಬಳಸುವ ಎನ್‌ಎಡಿ ಎಂಬ ವಾಹಕ ಅಣುವನ್ನು ಕಟ್ಟಲು ನಯಾಸಿನ್ ಬೇಕು. ಸೂರ್ಯನ ಕಿರಣಗಳಿಂದ ಹಾಳಾದ ಡಿಎನ್‌ಎಯನ್ನು ದುರಸ್ತಿ ಮಾಡುವ ಕೆಲಸಕ್ಕೂ ಅದೇ ಅಣು ಬೇಕು. ಬಿಸಿಲು ತಾಗುವ ಚರ್ಮ, ಕೆಲವೇ ದಿನಗಳಿಗೊಮ್ಮೆ ಪೂರ್ತಿ ಹೊಸದಾಗುವ ಕರುಳಿನ ಒಳಪದರ, ಶಕ್ತಿಯನ್ನು ಎಡೆಬಿಡದೆ ಬೇಡುವ ಮಿದುಳು ಇವೇ ಮೂರು ಮೊದಲು ಸೋಲುವುದು ಏಕೆಂಬುದು ಇಲ್ಲಿಗೆ ಅರ್ಥವಾಗುತ್ತದೆ.

ಇನ್ನೂ ಒಂದು ಗಂಟು ಉಳಿದಿತ್ತು. ಮೆಕ್ಕೆಜೋಳವನ್ನು ಪ್ರಯೋಗಾಲಯದಲ್ಲಿ ಅಳೆದಾಗ ಅದರಲ್ಲಿ ನಯಾಸಿನ್ ಸಾಕಷ್ಟು ಕಂಡುಬಂತು. ಪಾಲಿಶ್ ಮಾಡಿದ ಅಕ್ಕಿಗಿಂತ ಕಡಿಮೆಯೇನೂ ಇರಲಿಲ್ಲ. ಅನ್ನ ಉಣ್ಣುವವರಿಗೆ ಬಾರದ ರೋಗ ಮೆಕ್ಕೆಜೋಳ ಉಣ್ಣುವವರಿಗೇಕೆ ಬರಬೇಕು? ಉತ್ತರ ಕಾಳಿನೊಳಗಿನ ಬಂಧದಲ್ಲಿದೆ. ಮೆಕ್ಕೆಜೋಳದ ನಯಾಸಿನ್‌ನ ಬಹುಪಾಲು ದೊಡ್ಡ ಸಕ್ಕರೆಸರಪಳಿಗಳಿಗೆ ಅಂಟಿಕೊಂಡಿದ್ದು, ಆ ಬಂಧವನ್ನು ಕತ್ತರಿಸುವ ಸಾಮರ್ಥ್ಯ ಮನುಷ್ಯನ ಕರುಳಿಗಿಲ್ಲ. ದೇವಸ್ಥಾನದ ಹುಂಡಿಯಲ್ಲಿ ಬಿದ್ದ ಹಣ ಊರಿನದೇ ಆದರೂ ಕೀಲಿಕೈಯಿಲ್ಲದವರ ಪಾಲಿಗೆ ಅದು ಇದ್ದೂ ಇಲ್ಲದಂತೆ; ಈ 'ಬಂಧಿತ ನಯಾಸಿನ್' ಕೂಡ ಹಾಗೆಯೇ ಬಾಯಿಂದ ಹೊಕ್ಕು, ಕರುಳನ್ನೆಲ್ಲ ಹಾದು, ಬೀಗ ತೆರೆಯದೆ ಹೊರಬೀಳುತ್ತದೆ. ರಸಾಯನಜ್ಞರು ಅಳತೆಗೆಂದು ತೀಕ್ಷ್ಣ ದ್ರಾವಣಗಳಲ್ಲಿ ಕಾಳನ್ನು ಕುದಿಸಿದಾಗ ಹುಂಡಿಯನ್ನೇ ಒಡೆದು ಎಣಿಸಿದಂತಾಗಿ, ಲೆಕ್ಕದಲ್ಲಿ ಹಣ ಕಾಣಿಸುತ್ತಿತ್ತು. ಸುಣ್ಣ ಹಾಗೂ ಬೂದಿಯ ನೀರು ಕ್ಷಾರ ಗುಣದ್ದು; ಅದರಲ್ಲಿ ಬೆಂದು ನೆನೆದ ಕಾಳಿನಲ್ಲಿ ಆ ಬಂಧ ಕಡಿದು ನಯಾಸಿನ್ ಬಿಡುಗಡೆಯಾಗುತ್ತದೆ. ಮೆಕ್ಸಿಕೋದ ಹೆಂಗಸರು ರಾತ್ರಿ ಪಾತ್ರೆಗೆ ಹಾಕುತ್ತಿದ್ದ ಸುಣ್ಣವೇ ಕೀಲಿಕೈ.

ಅನ್ನ ಉಣ್ಣುವವರಿಗೆ ಇನ್ನೊಂದು ಅನುಕೂಲವೂ ಇತ್ತು. ಪ್ರೋಟೀನಿನಲ್ಲಿರುವ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲದಿಂದ ದೇಹ ತಾನೇ ಒಂದಿಷ್ಟು ನಯಾಸಿನ್ ತಯಾರಿಸಿಕೊಳ್ಳಬಲ್ಲದು. ಸುಮಾರು 60 ಮಿಲಿಗ್ರಾಂ ಟ್ರಿಪ್ಟೊಫಾನ್‌ಗೆ 1 ಮಿಲಿಗ್ರಾಂ ನಯಾಸಿನ್ ಸಿಗುತ್ತದೆ. ಮೆಕ್ಕೆಜೋಳದ ಪ್ರೋಟೀನಿನಲ್ಲಿ ಈ ಆಮ್ಲ ತೀರ ಕಡಿಮೆ. ಗೋಲ್ಡ್‌ಬರ್ಗರ್ ಕೊಡಿಸಿದ ಹಾಲು ಮೊಟ್ಟೆಗಳು ಕೆಲಸ ಮಾಡಿದ್ದು ಹೆಚ್ಚಾಗಿ ಈ ಎರಡನೆಯ ದಾರಿಯಿಂದ. ಮೆಕ್ಸಿಕೋದ ಬಡವರ ಊಟದಲ್ಲಿ ರೊಟ್ಟಿಯ ಜೊತೆಗೆ ಹುರುಳಿಕಾಯಿ ಜಾತಿಯ ಕಾಳುಗಳೂ ಇರುತ್ತಿದ್ದವಾದ್ದರಿಂದ, ಅವರನ್ನು ಕಾಪಾಡಿದ ಯಶಸ್ಸನ್ನೆಲ್ಲ ಸುಣ್ಣವೊಂದಕ್ಕೇ ಕೊಡುವುದು ಅತಿಯಾದೀತು.

ಗೊತ್ತಿದ್ದದ್ದು ಯಾರಿಗೆ?

ಹಾಗಾದರೆ ಮೆಕ್ಸಿಕೋದ ಅಡುಗೆಯವರಿಗೆ ಪೆಲಾಗ್ರ ತಡೆಯುವ ವಿದ್ಯೆ ಗೊತ್ತಿತ್ತು ಎನ್ನಬಹುದೇ? ಅವರನ್ನು ಕೇಳಿದ್ದರೆ ಅವರು ಬೇರೆಯೇ ಕಾರಣಗಳನ್ನು ಹೇಳುತ್ತಿದ್ದರು, ಆ ಕಾರಣಗಳೂ ನಿಜವಾದವೇ ಆಗಿರುತ್ತಿದ್ದವು. ಸುಣ್ಣದ ನೀರಿನಲ್ಲಿ ಸಿಪ್ಪೆ ಸುಲಭವಾಗಿ ಬಿಡುತ್ತದೆ, ಅರೆಯುವ ಶ್ರಮ ಉಳಿಯುತ್ತದೆ, ಹಾಗೆ ಮಾಡದ ಹಿಟ್ಟು ಜಿಗಿ ಬಾರದೆ, ರೊಟ್ಟಿ ತಟ್ಟಿದರೆ ಒಡೆಯುತ್ತದೆ, ರುಚಿಯೂ ಬೇರೆ. ಕಣ್ಣಿಗೂ ಕೈಗೂ ತಿಳಿಯುವ ಈ ಲಾಭಗಳ ಬೆನ್ನೇರಿ, ಯಾರ ಅರಿವಿಗೂ ಬಾರದ ಇನ್ನೊಂದು ಲಾಭ ಮೂರು ಸಾವಿರ ವರ್ಷ ಸಾಗಿಬಂತು. ರೋಗವೇ ಕಾಣಿಸಿಕೊಳ್ಳದ ಕಡೆ ರೋಗಕ್ಕೂ ಸುಣ್ಣಕ್ಕೂ ಇರುವ ನಂಟನ್ನು ಯಾರು ತಾನೆ ಗಮನಿಸಿಯಾರು?

1974ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸೊಲೊಮನ್ ಕಾಟ್ಜ್ ಮತ್ತು ಸಂಗಡಿಗರು ಅಮೆರಿಕ ಖಂಡಗಳ 51 ಸಮುದಾಯಗಳ ಪದ್ಧತಿಗಳನ್ನು ಹೋಲಿಸಿ ನೋಡಿದರು. ಮೆಕ್ಕೆಜೋಳವನ್ನು ಹೆಚ್ಚಾಗಿ ಬೆಳೆದು ಹೆಚ್ಚಾಗಿ ತಿನ್ನುವ ಸಮುದಾಯಗಳಲ್ಲಿ ಸುಣ್ಣ ಅಥವಾ ಬೂದಿಯ ಬಳಕೆ ಎದ್ದು ಕಾಣುತ್ತಿತ್ತು; ಅದನ್ನು ಅಪರೂಪಕ್ಕೆ ತಿನ್ನುವವರಲ್ಲಿ ಆ ಕಟ್ಟುಪಾಡು ಇರಲಿಲ್ಲ. ಕ್ಷಾರ ಬಳಸದೆ ಮೆಕ್ಕೆಜೋಳವನ್ನೇ ನೆಚ್ಚಿದ ಸಮುದಾಯ ಹೆಚ್ಚು ಕಾಲ ಉಳಿಯುವುದು ಕಷ್ಟ ಎಂಬುದು ಇದರಿಂದ ಅವರು ತೆಗೆದ ತೀರ್ಮಾನ. ಇಂಥ ತಿಳಿವಳಿಕೆಯನ್ನು 'ರೂಢಿಜ್ಞಾನ' ಎನ್ನಬಹುದು. ಇದರ ಒಡೆತನ ಯಾವ ಒಬ್ಬ ವ್ಯಕ್ತಿಗೂ ಸೇರಿದ್ದಲ್ಲ. ಕ್ರಮದಲ್ಲಿ ಅಡಗಿರುವ ಅದು, ಕ್ರಮವನ್ನು ಪಾಲಿಸುವ ಯಾರ ತಲೆಯಲ್ಲೂ ಇರುವುದಿಲ್ಲ.

ಪೆಟ್ಟಿಗೆಯ ಮೇಲೆ ಬಡಿಯುವ ಮಕ್ಕಳು

ಕಾರಣ ತಿಳಿಯದ ಕ್ರಮ ತಲೆಮಾರುಗಳನ್ನು ದಾಟಬೇಕಾದರೆ ಕಲಿಯುವವರು ಒಂದು ವಿಶೇಷ ಗುಣವನ್ನು ಹೊಂದಿರಬೇಕು. ವಿಕ್ಟೋರಿಯಾ ಹಾರ್ನರ್ ಮತ್ತು ಆಂಡ್ರ್ಯೂ ವೈಟನ್ 2005ರಲ್ಲಿ ಪ್ರಕಟಿಸಿದ ಪ್ರಯೋಗ ಅದನ್ನು ಎತ್ತಿ ತೋರಿಸಿತು. ಒಳಗೆ ತಿನಿಸಿಟ್ಟ ಪೆಟ್ಟಿಗೆಯೊಂದನ್ನು ತೆರೆಯುವುದು ಹೇಗೆಂದು ಅವರು ಮೂರು-ನಾಲ್ಕು ವರ್ಷದ ಮಕ್ಕಳಿಗೂ ಎಳೆಯ ಚಿಂಪಾಂಜಿಗಳಿಗೂ ಮಾಡಿ ತೋರಿಸಿದರು. ಮಾಡಿ ತೋರಿಸಿದ ಕ್ರಮದಲ್ಲಿ ಕಡ್ಡಿಯಿಂದ ಪೆಟ್ಟಿಗೆಯ ಮೇಲ್ಭಾಗಕ್ಕೆ ಕುಟ್ಟುವಂತಹ, ತಿನಿಸಿಗೆ ಸಂಬಂಧವೇ ಇಲ್ಲದ ಕೆಲಸಗಳೂ ಸೇರಿದ್ದವು. ಒಳಗೆ ಏನಿದೆಯೆಂದು ಕಾಣದ ಪೆಟ್ಟಿಗೆಯಾದಾಗ ಚಿಂಪಾಂಜಿಗಳು ಎಲ್ಲವನ್ನೂ ಅನುಕರಿಸಿದವು. ಪಾರದರ್ಶಕ ಪೆಟ್ಟಿಗೆ ಕೊಟ್ಟು, ಕುಟ್ಟುವುದು ವ್ಯರ್ಥವೆಂಬುದು ಕಣ್ಣಿಗೇ ಕಾಣುವಂತಾದಾಗ, ಅವು ಆ ಕೆಲಸವನ್ನು ಹೆಚ್ಚಾಗಿ ಕೈಬಿಟ್ಟು ನೇರವಾಗಿ ತಿನಿಸಿಗೆ ಕೈಹಾಕಿದವು. ಮಕ್ಕಳು ಮಾತ್ರ ಎರಡೂ ಸಲ ಕುಟ್ಟಿದರು.

ಮೊದಲ ನೋಟಕ್ಕೆ ಇದು ಮನುಷ್ಯ ಸಂತತಿಗೆ ಅವಮಾನದಂತೆ ತೋರುತ್ತದೆ. ಆದರೆ ಜಗತ್ತಿನ ಹೆಚ್ಚಿನ ಪೆಟ್ಟಿಗೆಗಳು ಪಾರದರ್ಶಕವಲ್ಲ. ಸುಣ್ಣ ಬೇಕಿಲ್ಲ ಎಂದು ತನ್ನ ಬುದ್ಧಿಯಿಂದ ತೀರ್ಮಾನಿಸಿ ಬಿಟ್ಟುಬಿಡುವ ಚುರುಕು ಮಗು ತನ್ನ ಮಕ್ಕಳ ಕಾಲಕ್ಕೆ ಪೆಲಾಗ್ರವನ್ನು ಮನೆಗೆ ಕರೆತರುತ್ತದೆ. ಏಕೆಂದು ಕೇಳದೆ ಅಜ್ಜಿ ಮಾಡಿದ್ದನ್ನೇ ಮಾಡುವ ಮಂದ ಮಗು ಉಳಿಯುತ್ತದೆ. ಮನಶ್ಶಾಸ್ತ್ರಜ್ಞರು ಓವರ್‌ಇಮಿಟೇಶನ್ ಎಂದು ಕರೆದ ಈ ಗುಣವನ್ನು 'ಮಿತಿಮೀರಿದ ಅನುಕರಣೆ' ಎನ್ನಬಹುದು. ಅರ್ಥವಾಗದ್ದನ್ನೂ ಕಾಪಿಟ್ಟುಕೊಂಡು ಮುಂದಕ್ಕೆ ದಾಟಿಸುವ ಈ ಗುಣವಿಲ್ಲದಿದ್ದರೆ, ಒಬ್ಬ ಮನುಷ್ಯನ ಆಯುಸ್ಸಿನಲ್ಲಿ ಪರೀಕ್ಷಿಸಲಾಗದ ಯಾವ ಅನುಭವವೂ ಕೂಡಿಬರುತ್ತಿರಲಿಲ್ಲ.

ಬೆಲೆ ತೆರಬೇಕಾದ್ದೂ ಇಲ್ಲಿಯೇ. ಹೀಗೆ ನಕಲಾಗುತ್ತ ಬಂದ ಕ್ರಮದಲ್ಲಿ ಕಾಳೂ ಇರುತ್ತದೆ, ಜೊಳ್ಳೂ ಇರುತ್ತದೆ. ನಿಜವಾಗಿ ಕಾಪಾಡುವ ಸುಣ್ಣವನ್ನೂ, ಬಾಣಂತಿಗೆ ನೀರು ಕುಡಿಯಲು ಬಿಡದಂತಹ ಹಾನಿಕರ ಕಟ್ಟುಪಾಡನ್ನೂ ಅನುಕರಣೆ ಒಂದೇ ಶ್ರದ್ಧೆಯಿಂದ ಹೊತ್ತು ತರುತ್ತದೆ, ಬೇರ್ಪಡಿಸುವ ಜರಡಿ ಅದಕ್ಕಿಲ್ಲ. 'ಹಿರಿಯರು ಸುಮ್ಮನೆ ಹೇಳಿಲ್ಲ' ಎಂಬ ಮಾತು ಸುಣ್ಣದ ವಿಷಯದಲ್ಲಿ ನಿಜವಾದದ್ದನ್ನು ನೋಡಿ ಎಲ್ಲ ಕಟ್ಟುಪಾಡುಗಳಿಗೂ ಅದನ್ನೇ ಮುದ್ರೆಯೊತ್ತುವವರು ಇದನ್ನು ಮರೆಯುತ್ತಾರೆ. ಅಲ್ಲದೆ, ಅನುಕರಣೆಗೆ ಎದುರಿಗೆ ಮಾಡಿ ತೋರಿಸುವ ಕೈ ಬೇಕು. ಅಟ್ಲಾಂಟಿಕ್ ದಾಟಿದ ಹಡಗುಗಳಲ್ಲಿ ಕಾಳಿನ ಚೀಲಗಳಿದ್ದವು, ಅದನ್ನು ಬೇಯಿಸುವ ಕೈಗಳಿರಲಿಲ್ಲ. ತನ್ನ ಕಾರಣವನ್ನು ತಾನೇ ಹೇಳಿಕೊಳ್ಳಲಾರದ ಜ್ಞಾನ, ಅದನ್ನು ಅನಗತ್ಯವೆಂದು ಬಿಟ್ಟವರ ಎದುರು ವಾದಿಸಲೂ ಆರದು. ಪ್ಲೇಟೋ ಹೇಳಿದ ಕಟ್ಟು ಇಲ್ಲದ್ದರಿಂದಲೇ ಅದು ದಾರಿಯಲ್ಲಿ ಕಳಚಿಹೋಯಿತು.

ಕಾರಣ ಸಿಕ್ಕ ಮೇಲೆ

ಕಾರಣಜ್ಞಾನಕ್ಕೆ ಈ ತೊಡಕಿಲ್ಲ. ನಯಾಸಿನ್ ಎಂಬ ವಸ್ತು ತಿಳಿದ ಮೇಲೆ ಸುಣ್ಣವೇ ಬೇಕೆಂದಿಲ್ಲ. ಯೀಸ್ಟ್ ಆದೀತು, ಶೇಂಗಾ ಆದೀತು, ಹಾಲಾದೀತು, ಗಿರಣಿಯಲ್ಲಿ ಹಿಟ್ಟಿಗೆ ಬೆರೆಸುವ ಚಿಟಿಕೆ ಪುಡಿಯಾದೀತು. 1927ರ ಮಿಸಿಸಿಪ್ಪಿ ಪ್ರವಾಹದ ನಂತರ, ವಸ್ತು ಯಾವುದೆಂದು ಇನ್ನೂ ತಿಳಿಯದಿದ್ದರೂ ಊಟದ ಕೊರತೆಯೇ ಕಾರಣವೆಂದು ಗೊತ್ತಿದ್ದುದರಿಂದ, ನಿರಾಶ್ರಿತರಿಗೆ ಯೀಸ್ಟ್ ಹಂಚಿದ್ದೂ, 1940ರ ದಶಕದಲ್ಲಿ ಅಮೆರಿಕದ ಬ್ರೆಡ್ಡು ಮತ್ತು ಹಿಟ್ಟುಗಳಿಗೆ ನಯಾಸಿನ್ ಸೇರಿಸತೊಡಗಿದ್ದೂ ಹೀಗೆ ಸಾಧ್ಯವಾಯಿತು.

ಆದರೆ ಕಾರಣ ತಿಳಿದದ್ದರಿಂದಲೇ ರೋಗ ಹೋಗಲಿಲ್ಲ. ಗೋಲ್ಡ್‌ಬರ್ಗರ್ ಮತ್ತು ಅರ್ಥಶಾಸ್ತ್ರಜ್ಞ ಎಡ್ಗರ್ ಸೈಡೆನ್‌ಸ್ಟ್ರಿಕರ್ ದಕ್ಷಿಣ ಕ್ಯಾರೊಲೈನಾದ ಗಿರಣಿ ಹಳ್ಳಿಗಳ ಮನೆಮನೆಯ ಆದಾಯ, ಊಟಗಳನ್ನು ಲೆಕ್ಕ ಹಾಕಿ, ಆದಾಯ ಇಳಿದಂತೆಲ್ಲ ಪೆಲಾಗ್ರ ಏರುವುದನ್ನು 1916ರ ಸುಮಾರಿಗೇ ತೋರಿಸಿದ್ದರು. ಅಂಗಳದವರೆಗೂ ಹತ್ತಿ ಬಿತ್ತಬೇಕಾದ ಗೇಣಿದಾರನಿಗೆ ಹಾಲು ಒಳ್ಳೆಯದೆಂದು ಹೇಳಿ ಪ್ರಯೋಜನವಿಲ್ಲ, ಹಸು ಕಟ್ಟಲು ಅವನಿಗೆ ಜಾಗವಿಲ್ಲ. 1921ರಲ್ಲಿ ಹತ್ತಿಯ ಬೆಲೆ ಕುಸಿದು ರೋಗ ಹೆಚ್ಚೀತೆಂಬ ಎಚ್ಚರಿಕೆಯ ಮೇಲೆ ಅಧ್ಯಕ್ಷ ಹಾರ್ಡಿಂಗ್ ನೆರವಿಗೆ ಕರೆಕೊಟ್ಟಾಗ, ದಕ್ಷಿಣದ ಹಲವು ಮುಂದಾಳುಗಳು ಅದನ್ನು ತಮ್ಮ ನಾಡಿಗಾದ ಅವಮಾನವೆಂದು ಬಗೆದು ಪ್ರತಿಭಟಿಸಿದರು. ರೂಢಿಜ್ಞಾನ, ಕಾರಣಜ್ಞಾನಗಳೆರಡರಿಂದಲೂ ಬೇರೆಯಾದ ಮೂರನೆಯದೊಂದಿದೆ. ಯಾವುದು ತಿಳಿದಿದೆಯೋ ಅದು ಯಾರ ಬದುಕಿನಲ್ಲಿ, ಯಾವ ಅಡ್ಡಿಗಳ ನಡುವೆ ಕೆಲಸಕ್ಕೆ ಬರಬೇಕು ಎಂಬುದನ್ನು ಕಾಣುವ ಕಣ್ಣು. ಅದಕ್ಕೆ ವಿವೇಕ ಎಂಬ ಹಳೆಯ ಹೆಸರೇ ಸಾಕು, ಮತ್ತು ಅದು ಉಳಿದೆರಡಕ್ಕಿಂತಲೂ ವಿರಳ.

ಕಾರಣಜ್ಞಾನವೂ ಒಮ್ಮೆಗೇ ಪೂರ್ಣವಾಗುವಂಥದ್ದಲ್ಲ. 1960ರಲ್ಲಿ ಹೈದರಾಬಾದಿನ ಪೋಷಣಾ ಸಂಶೋಧನಾ ಪ್ರಯೋಗಾಲಯದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಟಿಯಾ ದಖ್ಖನ್ ಪ್ರಸ್ಥಭೂಮಿಯ ಬಡವರಲ್ಲಿಯೂ ಪೆಲಾಗ್ರ ಇರುವುದನ್ನು ವರದಿ ಮಾಡಿದರು. ಅವರು ತಿನ್ನುತ್ತಿದ್ದುದು ಮೆಕ್ಕೆಜೋಳವಲ್ಲ, ಬಿಳಿಜೋಳ. ಬಿಳಿಜೋಳದಲ್ಲಿ ಟ್ರಿಪ್ಟೊಫಾನ್ ಅಷ್ಟೇನೂ ಕಡಿಮೆಯಿಲ್ಲ. ಅದರಲ್ಲಿ ಅಧಿಕವಾಗಿರುವ ಲ್ಯೂಸಿನ್ ಎಂಬ ಇನ್ನೊಂದು ಅಮೈನೋ ಆಮ್ಲ ನಯಾಸಿನ್‌ನ ತಯಾರಿಕೆಗೆ ಅಡ್ಡಬರುತ್ತದೆಂದು ಅವರು ಸೂಚಿಸಿದರು. ಬೇರೆ ಪ್ರಯೋಗಾಲಯಗಳ ಫಲಿತಾಂಶಗಳು ಎಲ್ಲವೂ ಇದನ್ನು ಸಮರ್ಥಿಸಲಿಲ್ಲ, ವಿವಾದ ದೀರ್ಘಕಾಲ ನಡೆಯಿತು. ಉತ್ತರ ಕರ್ನಾಟಕದ ಊಟದಲ್ಲಿ ಜೋಳದ ರೊಟ್ಟಿಯ ಪಕ್ಕದಲ್ಲಿರುವ ಶೇಂಗಾ ಚಟ್ನಿ, ಕಾಳಿನ ಪಲ್ಯ, ಮೊಸರುಗಳು ನಯಾಸಿನ್ ಅಥವಾ ಟ್ರಿಪ್ಟೊಫಾನ್ ಒದಗಿಸುವ ಪದಾರ್ಥಗಳೇ; ಶೇಂಗಾವಂತೂ ನಯಾಸಿನ್‌ನ ಕಣಜ. ಆದರೆ ಶೇಂಗಾ ಕೂಡ ದಕ್ಷಿಣ ಅಮೆರಿಕದಿಂದ ಕೆಲವು ಶತಮಾನಗಳ ಹಿಂದಷ್ಟೇ ಬಂದದ್ದಾದ್ದರಿಂದ, ಆ ತಟ್ಟೆಯನ್ನು ಪೂರ್ವಿಕರ ಪೋಷಣಾಶಾಸ್ತ್ರಕ್ಕೆ ಸಾಕ್ಷಿಯಾಗಿ ತೋರಿಸುವ ಉತ್ಸಾಹ ಬೇಡ. ರೊಟ್ಟಿ ಮಾತ್ರ ಉಳಿದು ಉಳಿದದ್ದೆಲ್ಲ ತಟ್ಟೆಯಿಂದ ಮಾಯವಾದ ಮನೆಗಳಲ್ಲೇ ರೋಗ ಕಾಣಿಸಿಕೊಂಡಿತ್ತು.

ಪಟ್ಟಿಯಿಂದ ಬಿದ್ದ ಸಾಲು

1980ರ ದಶಕದ ಕೊನೆಯಲ್ಲಿ ಮೊಜಾಂಬಿಕ್‌ನ ಅಂತರ್ಯುದ್ಧದಿಂದ ಓಡಿಬಂದ ಲಕ್ಷಾಂತರ ಜನ ಪಕ್ಕದ ಮಲಾವಿ ದೇಶದ ಶಿಬಿರಗಳಲ್ಲಿ ಆಶ್ರಯ ಪಡೆದಿದ್ದರು. ಅವರಿಗೆ ಹಂಚುತ್ತಿದ್ದ ಪಡಿತರದ ಮುಖ್ಯ ಭಾಗ ಮೆಕ್ಕೆಜೋಳ. ಜೊತೆಗೆ ಶೇಂಗಾ ಇತ್ತು, ಪಡಿತರದಲ್ಲಿದ್ದ ನಯಾಸಿನ್‌ನ ಬಹುಪಾಲು ಅದರಿಂದಲೇ ಬರುತ್ತಿತ್ತು. ಸರಬರಾಜಿನ ತೊಂದರೆಯಿಂದ ಶೇಂಗಾ ಹಂಚಿಕೆ ಕೆಲವು ತಿಂಗಳು ನಿಂತುಹೋಯಿತು, ಮೆಕ್ಕೆಜೋಳದ ಹಂಚಿಕೆ ಎಂದಿನಂತೆ ಮುಂದುವರಿಯಿತು. ಹೊಟ್ಟೆ ತುಂಬಲು ಕಾಳಿತ್ತು. ಶೇಂಗಾ ಇಲ್ಲದ ಮೊದಲ ವಾರವೂ ಎರಡನೆಯ ವಾರವೂ ಯಾರಿಗೂ ಏನೂ ಆಗಲಿಲ್ಲ. 1990ರಲ್ಲಿ ಆ ಶಿಬಿರಗಳಲ್ಲಿ ಸುಮಾರು 18 ಸಾವಿರ ಪೆಲಾಗ್ರ ಪ್ರಕರಣಗಳು ದಾಖಲಾದವು. ಎಲ್ವೆಹೆಮ್‌ನ ಸಂಶೋಧನೆಗೆ ಆಗ ಐವತ್ತಮೂರು ವರ್ಷ ವಯಸ್ಸಾಗಿತ್ತು, ನಯಾಸಿನ್ ಮಾತ್ರೆ ಜಗತ್ತಿನ ಅಗ್ಗದ ಮದ್ದುಗಳಲ್ಲೊಂದಾಗಿತ್ತು, ಪಟ್ಟಿಯಲ್ಲಿ ಶೇಂಗಾ ಏಕಿತ್ತೆಂಬುದು ಪೋಷಣಾ ತಜ್ಞರಿಗೆ ಗೊತ್ತೇ ಇತ್ತು.

ಮದ್ದಿನ ಮಾತ್ರೆಗಳನ್ನು ಹಂಚಿ, ಹಿಟ್ಟಿಗೆ ನಯಾಸಿನ್ ಬೆರೆಸುವ ವ್ಯವಸ್ಥೆ ಮಾಡಿ ಪಿಡುಗನ್ನು ಹತೋಟಿಗೆ ತರಲಾಯಿತು. ಆ ಸಂದರ್ಭದಲ್ಲಿ ನಡೆದ ಸಮೀಕ್ಷೆಯಲ್ಲಿ, ಅದೇ ಶಿಬಿರಗಳಲ್ಲಿದ್ದು, ಅದೇ ಪಡಿತರ ಪಡೆದೂ ರೋಗದಿಂದ ಹೆಚ್ಚಾಗಿ ಪಾರಾದವರು ಯಾರೆಂಬುದೂ ತಿಳಿದುಬಂತು: ಹೇಗೋ ಒಂದಿಷ್ಟು ಶೇಂಗಾ ದೊರಕಿಸಿಕೊಂಡವರು, ಗುಡಿಸಲಿನ ಬಳಿ ತುಂಡು ನೆಲದಲ್ಲಿ ಏನಾದರೂ ಬೆಳೆದುಕೊಂಡವರು, ಮತ್ತು ಕಾಳನ್ನು ಗಿರಣಿಗೆ ಕೊಡದೆ ಮನೆಯಲ್ಲೇ ಹಿಟ್ಟು ಮಾಡಿಕೊಂಡವರು.